ಬೆಳಕು ನೋಡಿ ಬಣ್ಣ ಊಹಿಸುವುದು: ಎವಿ1ರ ಸಿಎಫ್‌ಎಲ್ ಅನ್ನು ನೀವೇ ಬರೆಯುವ ಕ್ರಮ

ಹುಬ್ಬಳ್ಳಿ-ಧಾರವಾಡದಲ್ಲಿ ವಿಡಿಯೊ ಕಂಪ್ರೆಶನ್ ಮೇಲೆ ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ರಿವ್ಯೂ ಹತ್ತಿರ ಬಂದಾಗ ಕಳಿಸುವ ಸ್ಕ್ರೀನ್‌ಶಾಟ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬೆಳಕು ಸರಿ, ಬಣ್ಣ ಹಾಳು. "ಸರ್, ಕೆಂಪು ಇದ್ದದ್ದೆಲ್ಲಾ ನೀಲಿ ಆಗೇತ್ರಿ." ಬಣ್ಣ ಊಹಿಸುವ ಸೂತ್ರ ತೆಗೆದು ನೋಡಿದರೆ ಸರಿಯಾಗೇ ಇರುತ್ತದೆ. ಅದು ಇರುವುದೇ ಒಂದು ಸಾಲು, ತಪ್ಪುವವರು ಕಡಿಮೆ. ಎಡವುವುದು ಹಂತಗಳ ಕ್ರಮದಲ್ಲಿ ಮತ್ತು ಪೂರ್ಣಾಂಕಗಳ ಲೆಕ್ಕದಲ್ಲಿ.

ಹಾಗಾಗಿ ಇಲ್ಲಿ ಕ್ರಮಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಲೂಮಾ ಅಂದರೆ ಚಿತ್ರದ ಬೆಳಕಿನ ಭಾಗ, ಕ್ರೋಮಾ ಅಂದರೆ ಬಣ್ಣದ ಭಾಗ. ಚಿತ್ರವನ್ನು ಪುಟ್ಟ ಚೌಕಗಳಾಗಿ, ಅಂದರೆ ಬ್ಲಾಕ್‌ಗಳಾಗಿ, ಒಡೆದು, ಪ್ರತಿ ಬ್ಲಾಕಿನ ಬೆಳಕಿನಿಂದ ಅದರ ಬಣ್ಣ ಊಹಿಸುವ ತಂತ್ರವೇ ಕ್ರೋಮಾ ಫ್ರಮ್ ಲೂಮಾ, ಚಿಕ್ಕದಾಗಿ ಸಿಎಫ್‌ಎಲ್. ಅದನ್ನು ವಿಡಿಯೊ ಹಿಂಡುವ ಎವಿ1 ಕೋಡೆಕ್‌ನಲ್ಲಿ ಇರುವ ಹಾಗೇ ಪೈಥಾನ್‌ನಲ್ಲಿ ಬರೆಯುವುದು ಗುರಿ. ಒಂದು ಫ್ರೇಮ್, ಅದನ್ನು ಹಿಂಡುವ ಒಂದು ಪುಟ್ಟ ಎನ್‌ಕೋಡರ್, ಮರಳಿ ಬಿಡಿಸುವ ಒಂದು ಪುಟ್ಟ ಡಿಕೋಡರ್. ಎರಡರ ಔಟ್‌ಪುಟ್ ಒಂದು ಬೈಟ್ ಕೂಡ ವ್ಯತ್ಯಾಸ ಇಲ್ಲದೆ ಹೊಂದಬೇಕು. ಅಲ್ಲಿಯವರೆಗೆ ಪಿಎಸ್‌ಎನ್‌ಆರ್ (ಚಿತ್ರ ಮೂಲಕ್ಕೆ ಎಷ್ಟು ಹತ್ತಿರ ಅನ್ನುವ ಅಳತೆ) ಲೆಕ್ಕ ಹಾಕಲು ಹೋಗಬೇಡಿ.

ಉದ್ದಕ್ಕೂ ಒಂದು ನಿಯಮ ತಲೆಯಲ್ಲಿ ಇರಲಿ: ಡಿಕೋಡರ್ ಕೈಯಲ್ಲಿ ಇಲ್ಲದ ಯಾವುದನ್ನೂ ಊಹೆಗೆ ಬಳಸುವಂತಿಲ್ಲ.

## ಮೊದಲು ಕೈಗೆ ಏನೇನು ಬೇಕು

ಪೈಥಾನ್ ಮತ್ತು ನಮ್‌ಪೈ. ಚಿತ್ರ ಬದಲಿಸಲು ಎಫ್‌ಎಫ್‌ಎಂಪೆಗ್. ಕಚ್ಚಾ ವೈಯುವಿ ಫೈಲ್ ತೆರೆದು ವೈ (ಲೂಮಾ), ಯು, ವಿ (ಕ್ರೋಮಾದ ಎರಡು ಭಾಗ) ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಒಂದು ವ್ಯೂವರ್. ವೈಯುವ್ಯೂ ಉಚಿತ, ಅದೇ ಸಾಕು. ಕೊನೆಗೆ ನಿಜವಾದ ಎನ್‌ಕೋಡರ್ ಜೊತೆ ಹೋಲಿಸಲು ಲಿಬ್‌ಎಒಎಂ. ಇನ್ನೊಂದು, ಗೆರೆ ಹಾಕಿದ ಹಾಳೆ ಮತ್ತು ಪೆನ್ನು. ಇದನ್ನು ಬಿಟ್ಟವರೇ ಮುಂದೆ ಗಂಟೆಗಟ್ಟಲೆ ಪ್ರಿಂಟ್ ಹಾಕುತ್ತಾ ಕೂರುತ್ತಾರೆ.

ಜಿಪಿಯು ಬೇಡ. ಹಳೇ ಲ್ಯಾಪ್‌ಟಾಪ್ ಸಾಕು.

## ಹಂತ 1: ಸರಿಯಾದ ಚಿತ್ರ ಆರಿಸಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಬೇಡವೇ ಬೇಡ. ಅದು ಆಗಲೇ ಜೆಪೆಗ್ ಆಗಿ ಹಿಂಡಿ ಬಂದಿರುತ್ತದೆ, ಬಣ್ಣದ ಸಣ್ಣ ವಿವರ ಎಲ್ಲಾ ಹೋಗಿರುತ್ತದೆ. ನೀವು ಅಳೆಯಬೇಕಾದ್ದೇ ಆ ವಿವರ. ಫೋನಿನಲ್ಲಿ ರಾ ಫಾರ್ಮ್ಯಾಟ್ ಇದ್ದರೆ ಅದರಲ್ಲಿ ತೆಗೆಯಿರಿ. ಇಲ್ಲದಿದ್ದರೆ ದೊಡ್ಡ ಅಳತೆಯಲ್ಲಿ ತೆಗೆದು ಅಗಲ-ಎತ್ತರ ಎರಡನ್ನೂ ಕಾಲು ಭಾಗಕ್ಕೆ ಇಳಿಸಿ. ಜೆಪೆಗ್‌ನ ಗುರುತು ಬಹಳಷ್ಟು ಕರಗುತ್ತದೆ.

ಮೂರು ಥರದ ಚಿತ್ರ ಇಟ್ಟುಕೊಳ್ಳಿ. ಮೂರೂ ಬೇರೆಬೇರೆ ಪಾಠ ಕಲಿಸುತ್ತವೆ.

ಮೊದಲನೆಯದು ಗೋಣಿಚೀಲದ ಮೇಲೆ ಹರಡಿದ ಬ್ಯಾಡಗಿ ಮೆಣಸಿನಕಾಯಿ. ಎರಡು ಬಣ್ಣ, ನಡುವೆ ಗಟ್ಟಿ ಅಂಚು. ಮೇಲಾಗಿ ಬ್ಯಾಡಗಿ ಕಾಯಿಯ ಸಿಪ್ಪೆ ಸುಕ್ಕು ಸುಕ್ಕು, ಪ್ರತಿ ಸುಕ್ಕಿನಲ್ಲೂ ಬೆಳಕು-ನೆರಳು ಆಡುತ್ತದೆ. ಸಿಎಫ್‌ಎಲ್‌ಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಹಾವೇರಿ ಜಿಲ್ಲೆಯಲ್ಲಿ ಸಿಗುವುದು ಕಷ್ಟ.

ಎರಡನೆಯದು ಕಪ್ಪು ಸೀರೆಯ ಮೇಲಿನ ಕಸೂತಿ. ಕಪ್ಪು ಬಟ್ಟೆ, ಅದರ ಮೇಲೆ ಕೆಂಪು, ಹಳದಿ, ಹಸಿರು ನೂಲು. ಒಂದೇ ಬ್ಲಾಕಿನೊಳಗೆ ಮೂರು-ನಾಲ್ಕು ಬಣ್ಣ ಬರುತ್ತವೆ. ಸಿಎಫ್‌ಎಲ್ ಇಲ್ಲಿ ತಿಣುಕುತ್ತದೆ.

ಮೂರನೆಯದು ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಸ್ಥಾನದ ಗೋಡೆಯ ಕೆತ್ತನೆ. ಬಳಪದ ಕಲ್ಲು, ಬೂದು ಬಣ್ಣ. ಬೆಳಕಿನಲ್ಲಿ ಏರಿಳಿತ ಬೇಕಾದಷ್ಟು, ಬಣ್ಣದಲ್ಲಿ ಏನೂ ಇಲ್ಲ. ನಿಮ್ಮ ಕೋಡ್ ಇಲ್ಲಿ ಹೆಚ್ಚಿನ ಬ್ಲಾಕ್‌ಗಳಲ್ಲಿ ಆಲ್ಫಾ (ಬೆಳಕಿನ ಏರಿಳಿತದಿಂದ ಬಣ್ಣದ ಏರಿಳಿತ ತೆಗೆಯುವ ಗುಣಕ, ಹಂತ 7) ಸೊನ್ನೆ ಕೊಡಬೇಕು. ಕೊಡದಿದ್ದರೆ ಕಲ್ಲಿನ ಮೇಲೆ ಬಣ್ಣದ ಮಚ್ಚೆ ಬೀಳುತ್ತವೆ.

ಮೂರನ್ನೂ 512ಕ್ಕೆ 512 ಅಳತೆಗೆ ಕತ್ತರಿಸಿ, ಎಫ್‌ಎಫ್‌ಎಂಪೆಗ್‌ನಿಂದ 8 ಬಿಟ್, 4:2:0 (ಬಣ್ಣದ ಅಗಲ-ಎತ್ತರ ಬೆಳಕಿನ ಅರ್ಧ) ಕಚ್ಚಾ ಫೈಲ್ ಮಾಡಿ. ಫೈಲ್ ಗಾತ್ರ ನೋಡಿ: 512 × 512 × 1.5, ಅಂದರೆ ಸರಿಯಾಗಿ 3,93,216 ಬೈಟ್. ಒಂದು ಬೈಟ್ ಹೆಚ್ಚುಕಡಿಮೆ ಇದ್ದರೂ ಮುಂದೆ ಹೋಗಬೇಡಿ. ಎರಡರಷ್ಟು ಬಂದರೆ 4:4:4 (ಬಣ್ಣವೂ ಪೂರ್ತಿ ಅಳತೆಯಲ್ಲಿ) ಆಗಿದೆ ಅಂತ ಅರ್ಥ.

## ಹಂತ 2: ಓದಿಕೊಂಡ ತಕ್ಷಣ ಟೈಪ್ ಬದಲಿಸಿ

ಫೈಲಿನಲ್ಲಿ ಮೊದಲು ಪೂರ್ತಿ ವೈ, ಆಮೇಲೆ ಯು, ಆಮೇಲೆ ವಿ. ವೈ 512ಕ್ಕೆ 512, ಉಳಿದೆರಡು 256ಕ್ಕೆ 256. ಕೆಲವು ಫಾರ್ಮ್ಯಾಟ್‌ಗಳಲ್ಲಿ ವಿ ಮೊದಲು, ಯು ಆಮೇಲೆ. ಮೇಲೆ ಹೇಳಿದ "ಕೆಂಪೆಲ್ಲಾ ನೀಲಿ" ಬರುವುದು ಇಲ್ಲಿಂದಲೇ.

ಓದಿದ ಕೂಡಲೇ ಮೂರನ್ನೂ 32 ಬಿಟ್ ಚಿಹ್ನೆಸಹಿತ ಪೂರ್ಣಾಂಕಕ್ಕೆ ಬದಲಿಸಿ. ಇದನ್ನು "ಆಮೇಲೆ ಮಾಡೋಣ" ಅಂತ ಬಿಡುವವರೇ ಹೆಚ್ಚು. 8 ಬಿಟ್ ಅರೇಯಲ್ಲೇ ನಾಲ್ಕು ಪಿಕ್ಸೆಲ್ ಕೂಡಿಸಿದರೆ ನಮ್‌ಪೈ ಸುಮ್ನೆ ಸುತ್ತು ಹಾಕಿಬಿಡುತ್ತದೆ, ಎರರ್ ಕೊಡುವುದಿಲ್ಲ. 160 ಅನ್ನು ನಾಲ್ಕು ಸಲ ಕೂಡಿಸಿದರೆ 640 ಆಗಬೇಕು, ನಿಮಗೆ ಸಿಗುವುದು 128. 80ರಿಂದ 120 ಕಳೆದರೆ ಮೈನಸ್ 40 ಆಗಬೇಕು, ಸಿಗುವುದು 216. ಕೋಡ್ ಓಡುತ್ತದೆ, ಚಿತ್ರ ಬರುತ್ತದೆ, ಬಣ್ಣ ಮಾತ್ರ ಜಾತ್ರೆ.

## ಹಂತ 3: ಲೂಮಾ ಕೆಲಸ ಪೂರ್ತಿ ಮುಗಿಸಿ

ಜಾಸ್ತಿ ಜನ ಬೀಳುವ ಜಾಗ ಇದು. ಮೂಲ ಚಿತ್ರದ ವೈ ತೆಗೆದುಕೊಂಡು ಸೀದಾ ಬಣ್ಣ ಊಹಿಸಲು ಶುರು ಮಾಡುತ್ತಾರೆ. ಫಲಿತಾಂಶ ಬಹಳ ಚೆನ್ನಾಗಿ ಬರುತ್ತದೆ. ಬರಲೇಬೇಕು, ಯಾಕಂದ್ರೆ ಡಿಕೋಡರ್‌ಗೆ ಯಾವತ್ತೂ ಸಿಗದ ಮಾಹಿತಿ ಅದರಲ್ಲಿದೆ.

ಡಿಕೋಡರ್ ಹತ್ತಿರ ಇರುವುದು ಕ್ವಾಂಟೈಸ್ ಆಗಿ (ಬೆಲೆಗಳನ್ನು ಒರಟು ಮೆಟ್ಟಿಲುಗಳಿಗೆ ಇಳಿಸಿ), ಹಾನಿ ಅನುಭವಿಸಿ, ಮರಳಿ ಕಟ್ಟಿದ ಲೂಮಾ. ಹಾಗಾಗಿ ಎನ್‌ಕೋಡರ್ ಕೂಡ ಅದನ್ನೇ ಬಳಸಬೇಕು. ಕ್ರಮ ಹೀಗೆ: ಲೂಮಾ ಬ್ಲಾಕ್ ಊಹಿಸಿ, ಉಳಿಕೆ (ನಿಜ ಬೆಲೆಯಿಂದ ಊಹೆ ಕಳೆದದ್ದು) ತೆಗೆಯಿರಿ, ಡಿಸಿಟಿ (ಬ್ಲಾಕನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಮಾಡಿ, ಕ್ವಾಂಟೈಸ್ ಮಾಡಿ, ಅದನ್ನೇ ಹಿಂದಕ್ಕೆ ತಿರುಗಿಸಿ, ಊಹೆಗೆ ಕೂಡಿಸಿ, 0–255ರ ಒಳಗೆ ಕತ್ತರಿಸಿ. ಈಗ ಸಿಕ್ಕಿದ್ದು ಮರುಕಟ್ಟಿದ ಲೂಮಾ.

ಶುರುವಿಗೆ 8ಕ್ಕೆ 8 ಬ್ಲಾಕ್, ಡಿಸಿ ಊಹೆ (ನೆರೆಯ ಪಿಕ್ಸೆಲ್‌ಗಳ ಸರಾಸರಿ) ಒಂದೇ, ಕ್ವಾಂಟೈಸೇಶನ್ ಸ್ಟೆಪ್ ಒಂದೇ ಸಾಕು. ಇಡೀ ಫ್ರೇಮಿನ ಲೂಮಾ ಮುಗಿಸಿ ಒಂದು ಅರೇಯಲ್ಲಿ ಇಟ್ಟುಕೊಂಡು, ಆಮೇಲೆ ಕ್ರೋಮಾಕ್ಕೆ ಬಂದರೂ ನಡೆಯುತ್ತದೆ. ಲೂಮಾ ಯಾವತ್ತೂ ಕ್ರೋಮಾವನ್ನು ಕೇಳುವುದಿಲ್ಲ, ಆದ್ದರಿಂದ ಈ ಸರಳೀಕರಣದಲ್ಲಿ ಮೋಸ ಇಲ್ಲ. ಇನ್ನೊಂದು ಮಾತು: ಡಿಬ್ಲಾಕಿಂಗ್ (ಬ್ಲಾಕುಗಳ ಅಂಚು ಮರೆಮಾಡುವುದು) ಥರದ ಫಿಲ್ಟರ್ ಹಾಕಿದ ಮೇಲಿನ ಲೂಮಾ ಬಳಸಬೇಡಿ. ಎವಿ1ರಲ್ಲಿ ಇಂಟ್ರಾ ಊಹೆ (ಅದೇ ಫ್ರೇಮಿನೊಳಗಿಂದ ಮಾಡುವ ಊಹೆ) ಎಲ್ಲವೂ ಫಿಲ್ಟರ್‌ಗಿಂತ ಮೊದಲಿನ ಪಿಕ್ಸೆಲ್ ಮೇಲೇ ನಡೆಯುತ್ತದೆ.

ತಪ್ಪಾಗಿದೆಯಾ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಲೂಮಾದ ಕ್ವಾಂಟೈಸೇಶನ್ ಸ್ಟೆಪ್ ಅನ್ನು ವಿಪರೀತ ಏರಿಸಿ, ಲೂಮಾ ಪೂರ್ತಿ ಚೌಕ ಚೌಕ ಆಗಿ ಕಾಣುವಷ್ಟು. ಆಗ ಬಣ್ಣದ ಊಹೆಯೂ ಕೆಡಬೇಕು. ಲೂಮಾ ಹಾಳಾಗಿದ್ದರೂ ಬಣ್ಣದ ಊಹೆ ಮೊದಲಿನಷ್ಟೇ ಚೂಪಾಗಿ ಬಂದರೆ, ಎಲ್ಲೋ ಮೂಲ ಚಿತ್ರ ಒಳಗೆ ನುಸುಳಿದೆ.

## ಹಂತ 4: ಲೂಮಾವನ್ನು ಕ್ರೋಮಾದ ಅಳತೆಗೆ ಇಳಿಸಿ

4:2:0ರಲ್ಲಿ ಒಂದು ಕ್ರೋಮಾ ಪಿಕ್ಸೆಲ್‌ಗೆ ನಾಲ್ಕು ಲೂಮಾ ಪಿಕ್ಸೆಲ್. ಆ ನಾಲ್ಕರ ಸರಾಸರಿ ಬೇಕು. ಆದರೆ 4ರಿಂದ ಭಾಗಿಸಬೇಡಿ. ನಾಲ್ಕನ್ನೂ ಕೂಡಿಸಿ 2ರಿಂದ ಗುಣಿಸಿ. ಸಿಗುವುದು ಸರಾಸರಿಯ 8 ಪಟ್ಟು. ಅಂದರೆ ಕೊನೆಯ 3 ಬಿಟ್‌ಗಳಲ್ಲಿ ಭಿನ್ನರಾಶಿ ಉಳಿದುಕೊಂಡಿರುತ್ತದೆ, ಭಾಗಾಕಾರದಲ್ಲಿ ಏನೂ ಕಳೆದುಹೋಗುವುದಿಲ್ಲ.

4:2:2 ಆದರೆ ಎರಡು ಪಿಕ್ಸೆಲ್ ಕೂಡಿಸಿ 4ರಿಂದ ಗುಣಿಸುವುದು, 4:4:4 ಆದರೆ ಒಂದನ್ನೇ 8ರಿಂದ ಗುಣಿಸುವುದು. ಮೂರೂ ಕಡೆ ಕೊನೆಗೆ ಬರುವುದು 8 ಪಟ್ಟಿನ ಅಳತೆ. ಮುಂದಿನ ಕೋಡ್ ಮೂರಕ್ಕೂ ಒಂದೇ ಆಗಲಿ ಅಂತಲೇ ಈ ಏರ್ಪಾಡು.

ಈ 8 ಪಟ್ಟಿನ ಬಗ್ಗೆ ಹಾಳೆಯ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಹಂತ 8ರಲ್ಲಿ ಇದನ್ನು ಮರೆಯುವವರು ಬಹಳ.

## ಹಂತ 5: ಬ್ಲಾಕಿನ ಸರಾಸರಿ ಕಳೆಯಿರಿ

ಇಳಿಸಿದ ಲೂಮಾ ಬ್ಲಾಕಿನ ಸರಾಸರಿ ತೆಗೆದು, ಪ್ರತಿ ಬೆಲೆಯಿಂದ ಕಳೆಯಿರಿ. ಉಳಿಯುವುದು ಏರಿಳಿತ ಮಾತ್ರ. ಸರಾಸರಿಯನ್ನೂ ಪೂರ್ಣಾಂಕದಲ್ಲೇ ಮಾಡಿ: ಮೊತ್ತಕ್ಕೆ ಪಿಕ್ಸೆಲ್ ಸಂಖ್ಯೆಯ ಅರ್ಧ ಕೂಡಿಸಿ, ಆಮೇಲೆ ಬಲಕ್ಕೆ ಶಿಫ್ಟ್ ಮಾಡಿ. 4ಕ್ಕೆ 4 ಬ್ಲಾಕ್ ಆದರೆ 8 ಕೂಡಿಸಿ 4 ಬಿಟ್ ಶಿಫ್ಟ್.

ಸರಾಸರಿ ಆ ಬ್ಲಾಕಿನದೇ ಆಗಿರಬೇಕು, ಇಡೀ ಫ್ರೇಮಿನದಲ್ಲ. ಓದುವಾಗ ನಗು ಬರಬಹುದು, ಆದರೆ ನಮ್‌ಪೈಯಲ್ಲಿ ಅರೇಯ ಹೆಸರು ಒಂದು ಅಕ್ಷರ ತಪ್ಪಿದರೆ ಆಗುವುದು ಇದೇ.

## ಹಂತ 6: ಕ್ರೋಮಾದ ಡಿಸಿ ಬೇರೆ ಕಡೆಯಿಂದ ಬರುತ್ತದೆ

ಲೂಮಾದಿಂದ ಏರಿಳಿತ ಸಿಕ್ಕಿತು. ಬಣ್ಣದ ಮಟ್ಟ ಎಷ್ಟು ಅನ್ನುವುದು ಲೂಮಾಗೆ ಗೊತ್ತಿಲ್ಲ. ಅದಕ್ಕೆ ಮಾಮೂಲಿ ಡಿಸಿ ಊಹೆ: ಬ್ಲಾಕಿನ ಮೇಲಿನ ಸಾಲು ಮತ್ತು ಎಡಗಡೆ ಕಾಲಂನ ಮರುಕಟ್ಟಿದ ಕ್ರೋಮಾ ಪಿಕ್ಸೆಲ್‌ಗಳ ಸರಾಸರಿ. ಒಂದೇ ಕಡೆ ಇದ್ದರೆ ಅದರದ್ದೇ ಸರಾಸರಿ. ಎರಡೂ ಇಲ್ಲದಿದ್ದರೆ, ಅಂದರೆ ಫ್ರೇಮಿನ ಮೊದಲ ಬ್ಲಾಕಿನಲ್ಲಿ, 128.

ಇಲ್ಲೂ ನೆರೆಯ ಪಿಕ್ಸೆಲ್ ಅಂದರೆ ಮರುಕಟ್ಟಿದ್ದು. ಮೂಲದ್ದಲ್ಲ.

ವಿವಿಸಿ ಅನ್ನುವ ಇನ್ನೊಂದು ಕೋಡೆಕ್‌ನಲ್ಲಿರುವ ಇಂಥದ್ದೇ ತಂತ್ರ ಸಿಸಿಎಲ್‌ಎಂ ಬಗ್ಗೆಯೂ ಓದಿದವರು ಇಲ್ಲಿ ಎರಡನ್ನೂ ಕಲಸಿಬಿಡುತ್ತಾರೆ. ವಿವಿಸಿಯಲ್ಲಿ ಇಳಿಜಾರು, ಮಟ್ಟ ಎರಡನ್ನೂ ಡಿಕೋಡರೇ ನೆರೆಯ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಿಕೊಳ್ಳುತ್ತದೆ, ಅವನ್ನು ಫೈಲಿನಲ್ಲಿ ಕಳಿಸುವುದಿಲ್ಲ. ಎವಿ1ರಲ್ಲಿ ಇಳಿಜಾರನ್ನು, ಅಂದರೆ ಆಲ್ಫಾವನ್ನು, ಎನ್‌ಕೋಡರ್ ಬರೆದು ಕಳಿಸುತ್ತದೆ. ಮಟ್ಟ ಡಿಸಿ ಊಹೆಯಿಂದ ಬರುತ್ತದೆ. ಒಂದರ ಅರ್ಧ, ಇನ್ನೊಂದರ ಅರ್ಧ ಸೇರಿಸಿದರೆ ಎರಡೂ ಆಗುವುದಿಲ್ಲ.

## ಹಂತ 7: ಆಲ್ಫಾ ಹುಡುಕಿ

ಏರಿಳಿತವನ್ನು ಎಷ್ಟರಿಂದ ಗುಣಿಸಿದರೆ ಕ್ರೋಮಾದ ಏರಿಳಿತ ಸಿಗುತ್ತದೋ ಅದೇ ಆಲ್ಫಾ. ಲೂಮಾ ಏರಿಳಿತ ಮತ್ತು ಕ್ರೋಮಾ ಇವನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಗುಣಿಸಿ ಕೂಡಿಸಿ. ಅದನ್ನು ಲೂಮಾ ಏರಿಳಿತದ ವರ್ಗಗಳ ಮೊತ್ತದಿಂದ ಭಾಗಿಸಿ. ಲೂಮಾ 8 ಪಟ್ಟಿನಲ್ಲಿದೆ, ಆಲ್ಫಾವನ್ನೂ ಎಂಟನೇ ಭಾಗಗಳಲ್ಲಿ ಎಣಿಸುತ್ತೇವೆ. ಆದ್ದರಿಂದ ಬಂದದ್ದನ್ನು 64ರಿಂದ ಗುಣಿಸಿ ಹತ್ತಿರದ ಪೂರ್ಣಾಂಕಕ್ಕೆ ತನ್ನಿ.

ಇಲ್ಲಿ ಮೂಲ ಚಿತ್ರದ ಕ್ರೋಮಾ ಬಳಸಬಹುದು. "ಡಿಕೋಡರ್ ಹತ್ತಿರ ಅದು ಇಲ್ಲ ಅಲ್ವಾ?" ಅಂತ ಕೇಳುತ್ತೀರಿ. ಇಲ್ಲ ನಿಜ, ಆದರೆ ಆಲ್ಫಾವನ್ನು ಫೈಲಿನಲ್ಲಿ ಬರೆದು ಕಳಿಸುತ್ತೇವೆ. ಹೇಗೆ ಹುಡುಕಿದಿರಿ ಅನ್ನುವುದು ಡಿಕೋಡರ್‌ಗೆ ಸಂಬಂಧ ಇಲ್ಲ. ಲೂಮಾ ಬದಿಯಲ್ಲಿ ಮಾತ್ರ ಈಗಲೂ ಮರುಕಟ್ಟಿದ್ದೇ ಬೇಕು.

ಬಂದ ಬೆಲೆ ಮೈನಸ್ 16ರಿಂದ ಪ್ಲಸ್ 16ರ ಒಳಗೆ ಇರಬೇಕು, ಅಂದರೆ ನಿಜದಲ್ಲಿ ಮೈನಸ್ 2ರಿಂದ ಪ್ಲಸ್ 2. ಹೊರಗೆ ಹೋದರೆ ಕತ್ತರಿಸಿ. ಭಾಜಕ ಸೊನ್ನೆ ಆದರೆ ಆಲ್ಫಾ ಸೊನ್ನೆ. ಭಾಜಕ ತೀರಾ ಚಿಕ್ಕದಿದ್ದರೂ ಹುಷಾರ್. ನೆರಳಿನಲ್ಲಿರುವ ಸಪಾಟು ಗೋಡೆಯಲ್ಲಿ ಲೂಮಾದ ಏರಿಳಿತ ಅಂದರೆ ಬರೀ ಕ್ಯಾಮೆರಾ ನಾಯ್ಸ್. ಅದನ್ನು ನಂಬಿ ಆಲ್ಫಾ ತೆಗೆದರೆ ಆ ನಾಯ್ಸ್‌ಗೆ ಬಣ್ಣ ಬಳಿದಂತೆ.

ಯು ಮತ್ತು ವಿಗೆ ಬೇರೆಬೇರೆ ಆಲ್ಫಾ. ಪ್ರತಿ ಬ್ಲಾಕಿಗೂ ಬೇರೆ. "ಇಡೀ ಚಿತ್ರಕ್ಕೆ ಒಂದು ಒಳ್ಳೆ ಆಲ್ಫಾ ಹುಡುಕಿದರೆ ಬಿಟ್ ಉಳಿಯುತ್ತಲ್ಲ" ಅನ್ನುವ ಯೋಚನೆ ಎಲ್ಲರಿಗೂ ಬರುತ್ತದೆ. ಮೆಣಸಿನಕಾಯಿ ಚಿತ್ರದಲ್ಲೇ ನೋಡಿ. ಒಂದೇ ಕಾಯಿಯ ಮೇಲೆ, ಸುಕ್ಕಿನ ಏಣು ಬೆಳಗಿದೆ, ಸಂದು ಕಪ್ಪಾಗಿದೆ. ಬೆಳಕು ಇಳಿದಂತೆ ಕೆಂಪಿನ ತೀವ್ರತೆಯೂ ಇಳಿಯುತ್ತದೆ, ವಿ 128ರ ಕಡೆಗೆ ಜಾರುತ್ತದೆ. ಆಲ್ಫಾ ಪ್ಲಸ್. ಪಕ್ಕದ ಬ್ಲಾಕಿನಲ್ಲಿ ಕಾಯಿಯ ಅಂಚು ಮತ್ತು ಗೋಣಿ. ಗೋಣಿ ಬೆಳ್ಳಗೆ, ಕೆಂಪು ಕಡಿಮೆ. ಕಾಯಿ ಕಪ್ಪಗೆ, ಕೆಂಪು ಜಾಸ್ತಿ. ಆಲ್ಫಾ ಮೈನಸ್. ಅದೇ ಕಾಯಿ, ಅದೇ ಬಿಸಿಲು, ನಾಲ್ಕು ಪಿಕ್ಸೆಲ್ ಅಂತರದಲ್ಲಿ ಚಿಹ್ನೆ ಉಲ್ಟಾ.

## ಹಂತ 8: ಊಹೆ ಕಟ್ಟಿ

ಆಲ್ಫಾವನ್ನು ಲೂಮಾ ಏರಿಳಿತದಿಂದ ಗುಣಿಸಿ, 64ರಿಂದ ಭಾಗಿಸಿ, ಡಿಸಿ ಕೂಡಿಸಿ, 0–255ಕ್ಕೆ ಕತ್ತರಿಸಿ. 64 ಯಾಕೆ? ಲೂಮಾದಲ್ಲಿ 8 ಪಟ್ಟು, ಆಲ್ಫಾದಲ್ಲಿ 8 ಪಟ್ಟು. ಒಂದನ್ನು ಮರೆತು 8ರಿಂದ ಭಾಗಿಸಿದರೆ ಬಣ್ಣ ಎಂಟು ಪಟ್ಟು ಉಬ್ಬಿ, 0 ಮತ್ತು 255ಕ್ಕೆ ಹೋಗಿ ಬಡಿಯುತ್ತದೆ. ನೇರಳೆ, ಗಿಳಿಹಸಿರು ಬಣ್ಣಗಳು ಕಾಣುವುದು ಆಗಲೇ.

ರೌಂಡಿಂಗ್‌ನಲ್ಲಿ ಒಂದು ಸೂಕ್ಷ್ಮ ಇದೆ. ಎವಿ1ರಲ್ಲಿ ಮೊದಲು ಚಿಹ್ನೆ ತೆಗೆದಿಟ್ಟು, ಬೆಲೆಗೆ 32 ಕೂಡಿಸಿ 6 ಬಿಟ್ ಶಿಫ್ಟ್ ಮಾಡಿ, ಆಮೇಲೆ ಚಿಹ್ನೆ ಮರಳಿ ಹಾಕಬೇಕು. ಮೈನಸ್ ಬೆಲೆಗೆ ಸೀದಾ 32 ಕೂಡಿಸಿ ಶಿಫ್ಟ್ ಮಾಡಿದರೆ ಸರಿಯಾಗಿ ಅರ್ಧದ ಜಾಗದಲ್ಲಿ ಒಂದು ತಪ್ಪುತ್ತದೆ. ಮೈನಸ್ 32 ತೆಗೆದುಕೊಳ್ಳಿ: ಸರಿಯಾದ ಉತ್ತರ ಮೈನಸ್ 1, ಸೀದಾ ಶಿಫ್ಟ್ ಮಾಡಿದರೆ 0. ಪೈಥಾನ್‌ನ ರೌಂಡ್ ಫಂಕ್ಷನ್ ಅರ್ಧವನ್ನು ಸರಿಸಂಖ್ಯೆಗೆ ತಳ್ಳುತ್ತದೆ, ಅದೂ ಬೇಡ. ಒಂದು ಬೆಲೆಯ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಆದರೆ ಮುಂದಿನ ಬ್ಲಾಕ್ ಅದನ್ನೇ ನೆರೆ ಅಂತ ನಂಬಿ ಡಿಸಿ ತೆಗೆಯುತ್ತದೆ. ಅದರ ಮುಂದಿನದು ಇದನ್ನು ನಂಬುತ್ತದೆ.

8 ಬಿಟ್ ವಿಡಿಯೊದಲ್ಲಿ ಏರಿಳಿತ 2040 ದಾಟುವುದಿಲ್ಲ. 16ರಿಂದ ಗುಣಿಸಿದರೂ 32,640, 16 ಬಿಟ್‌ನಲ್ಲಿ ಹಿಡಿಸುತ್ತದೆ. ನಾಳೆ 10 ಬಿಟ್‌ಗೆ ಹೋದರೆ ಹಿಡಿಸುವುದಿಲ್ಲ. ನಿಮ್ಮದು ಮೊದಲಿಂದ 32 ಬಿಟ್ ಆಗಿದ್ದರೆ ಚಿಂತೆ ಇಲ್ಲ.

## ಈಗ ಪೆನ್ನು ತೆಗೆಯಿರಿ: ಒಂದು ಬ್ಲಾಕ್ ಪೂರ್ತಿ

ಕೋಡ್ ಓಡಿಸುವ ಮೊದಲು ಇದನ್ನು ಕೈಯಲ್ಲಿ ಮಾಡಿ. ನಿಮ್ಮ ಫಂಕ್ಷನ್‌ಗೆ ಇವೇ ಅಂಕಿ ಕೊಟ್ಟು ಇವೇ ಉತ್ತರ ಬರಬೇಕು.

8ಕ್ಕೆ 8 ಲೂಮಾ ಬ್ಲಾಕ್. ಎಡ ಅರ್ಧ ಗೋಣಿ, ಲೂಮಾ 160. ಬಲ ಅರ್ಧ ಮೆಣಸಿನಕಾಯಿ, ಲೂಮಾ 80. ಕ್ರೋಮಾ ಬ್ಲಾಕ್ 4ಕ್ಕೆ 4. ಮೂಲದಲ್ಲಿ ವಿ ಎಡಕ್ಕೆ 136, ಬಲಕ್ಕೆ 180. ಯು ಎರಡೂ ಕಡೆ 106.

ಲೂಮಾ ಇಳಿಸೋಣ. ಎಡದಲ್ಲಿ ನಾಲ್ಕು 160 ಕೂಡಿ 640, ಎರಡರಿಂದ ಗುಣಿಸಿ 1280. ಬಲದಲ್ಲಿ 640. ಸರಾಸರಿ 960. ಕಳೆದರೆ ಎಡಕ್ಕೆ ಪ್ಲಸ್ 320, ಬಲಕ್ಕೆ ಮೈನಸ್ 320.

ವಿ ಸರಾಸರಿ 158. ಏರಿಳಿತ ಎಡಕ್ಕೆ ಮೈನಸ್ 22, ಬಲಕ್ಕೆ ಪ್ಲಸ್ 22. ಆಲ್ಫಾ: ಮೈನಸ್ 22 ಭಾಗಿಸು 320, ಅದನ್ನು 64ರಿಂದ ಗುಣಿಸಿದರೆ ಮೈನಸ್ 4.4. ಹತ್ತಿರದ ಪೂರ್ಣಾಂಕ ಮೈನಸ್ 4. ಯುಗೆ ಏರಿಳಿತವೇ ಇಲ್ಲ, ಆಲ್ಫಾ ಸೊನ್ನೆ.

ಊಹೆ: ಮೈನಸ್ 4 × 320 = ಮೈನಸ್ 1280. 64ರಿಂದ ಭಾಗಿಸಿದರೆ ಮೈನಸ್ 20. ನೆರೆಯ ಪಿಕ್ಸೆಲ್‌ಗಳಿಂದ ವಿಯ ಡಿಸಿ 152 ಬಂತು ಅಂದುಕೊಳ್ಳಿ. ಎಡಕ್ಕೆ 132, ಬಲಕ್ಕೆ 172. ನಿಜ 136 ಮತ್ತು 180. ಉಳಿಕೆ 4 ಮತ್ತು 8.

ಸಿಎಫ್‌ಎಲ್ ಇಲ್ಲದೆ ಡಿಸಿ ಒಂದೇ ಇದ್ದಿದ್ದರೆ? ಎಲ್ಲಾ ಕಡೆ 152. ಉಳಿಕೆ ಎಡಕ್ಕೆ ಮೈನಸ್ 16, ಬಲಕ್ಕೆ 28. ತಪ್ಪುಗಳ ವರ್ಗ ಕೂಡಿಸಿದರೆ ಡಿಸಿಗೆ 8320, ಸಿಎಫ್‌ಎಲ್‌ಗೆ 640. ಹದಿಮೂರರಲ್ಲಿ ಒಂದು ಪಾಲು.

ಆಲ್ಫಾ ಮೈನಸ್ 5 ಹಾಕಿಯೂ ನೋಡಿ. ಉಳಿಕೆ 9 ಮತ್ತು 3, ಮೊತ್ತ 720. ಮೈನಸ್ 4ಕ್ಕಿಂತ ಕೆಟ್ಟದು. ಇನ್ನೊಂದು ಗಮನಿಸಿ: ಡಿಸಿ ಊಹೆ 158 ಆಗಬೇಕಾದಲ್ಲಿ 152 ಬಂದಿದೆ, 6 ತಪ್ಪಿದೆ. ಆದರೂ ಆಲ್ಫಾ ಆಯ್ಕೆ ಬದಲಾಗಲಿಲ್ಲ. ಲೂಮಾದಿಂದ ಸರಾಸರಿ ಕಳೆದದ್ದು ಇದಕ್ಕೇ. ಆ 6ರ ತಪ್ಪು ಉಳಿಕೆಯ ಡಿಸಿಟಿಯಲ್ಲಿ ಮೊದಲ ಕೋಎಫಿಶಿಯೆಂಟ್ ಒಂದರಲ್ಲೇ ಕೂತುಬಿಡುತ್ತದೆ.

## ಹಂತ 9: ಬಳಸಬೇಕಾ ಬೇಡವಾ, ಬ್ಲಾಕಿಗೊಂದು ತೀರ್ಮಾನ

ಆಲ್ಫಾ ಕಳಿಸಲು ಬಿಟ್ ಖರ್ಚಾಗುತ್ತದೆ. ಯು, ವಿ ಎರಡರ ಚಿಹ್ನೆಗಳನ್ನು ಒಟ್ಟಿಗೆ ಕಳಿಸುತ್ತಾರೆ. ಪ್ರತಿಯೊಂದೂ ಪ್ಲಸ್, ಮೈನಸ್, ಸೊನ್ನೆ. ಒಟ್ಟು 9 ಜೋಡಿ. ಎರಡೂ ಸೊನ್ನೆ ಆದರೆ ಅದು ಬರೀ ಡಿಸಿ ಊಹೆ, ಅದಕ್ಕೆ ಬೇರೆ ಮೋಡ್ ಇದೆ. ಆದ್ದರಿಂದ ಆ ಜೋಡಿಯನ್ನು ಎವಿ1 ಬಿಟ್ಟಿದೆ, 8 ಉಳಿದಿವೆ. ಸೊನ್ನೆ ಅಲ್ಲದ ಪ್ರತಿ ಆಲ್ಫಾಕ್ಕೆ 1ರಿಂದ 16ರ ಒಳಗೆ ಒಂದು ಅಳತೆ. ಎಂಟ್ರೊಪಿ ಕೋಡಿಂಗ್ (ಹೆಚ್ಚು ಸಲ ಬರುವ ಬೆಲೆಗೆ ಕಡಿಮೆ ಬಿಟ್ ಕೊಡುವುದು) ಇಲ್ಲದೆ ಒರಟಾಗಿ ಲೆಕ್ಕ ಹಾಕಿದರೆ ಚಿಹ್ನೆಗೆ 3 ಬಿಟ್, ಅಳತೆಗೆ 4, 4. ನಮ್ಮ ಮೆಣಸಿನಕಾಯಿ ಬ್ಲಾಕಿನಲ್ಲಿ ಯು ಸೊನ್ನೆ, ಹಾಗಾಗಿ 7 ಬಿಟ್. ಅರಿತ್ಮೆಟಿಕ್ ಕೋಡರ್ ಸೇರಿದರೆ ಸಾಮಾನ್ಯವಾಗಿ ಇನ್ನೂ ಕಡಿಮೆ.

ತೀರ್ಮಾನಕ್ಕೆ ಮಾಮೂಲಿ ದಾರಿ: ತಪ್ಪಿನ ಮೊತ್ತಕ್ಕೆ, ಬಿಟ್ ಸಂಖ್ಯೆಯನ್ನು ಲ್ಯಾಂಬ್ಡಾದಿಂದ (ಒಂದು ಬಿಟ್‌ಗೆ ನಾವು ಕಟ್ಟುವ ಬೆಲೆ) ಗುಣಿಸಿ ಕೂಡಿಸಿ. ಯಾವುದು ಕಡಿಮೆಯೋ ಅದು ಗೆದ್ದಿತು. ಎಲ್ಲಾ ಬ್ಲಾಕಿಗೂ ಸಿಎಫ್‌ಎಲ್ ಹೇರಿದರೆ ಲಕ್ಕುಂಡಿ ಚಿತ್ರದಲ್ಲಿ ಫೈಲ್ ದೊಡ್ಡದಾಗುತ್ತದೆ.

ಕಸೂತಿಯಲ್ಲಿ ಏನಾಗುತ್ತದೆ ನೋಡಿ. ಒಂದು ಬ್ಲಾಕಿನಲ್ಲಿ ಕಪ್ಪು ಬಟ್ಟೆ, ಕೆಂಪು ನೂಲು, ಹಳದಿ ನೂಲು ಸಮಪಾಲು ಇವೆ ಅಂತಿಟ್ಟುಕೊಳ್ಳಿ. ಲೂಮಾ 30, 80, 190. ವಿ 128, 180, 140. ಬೆಳಕು ಏರುತ್ತಾ ಹೋದರೆ ವಿ ಮೊದಲು ಏರಿ, ಆಮೇಲೆ ಇಳಿಯುತ್ತದೆ. ಒಂದು ನೇರ ಗೆರೆ ಇದನ್ನು ಹಿಡಿಯಲಾರದು. ಲೆಕ್ಕ ಹಾಕಿದರೆ ಆಲ್ಫಾ 0.003, ಅಂದರೆ ಸೊನ್ನೆ. ಅದೇ ಬ್ಲಾಕಿನ ಯು 128, 108, 50. ಬೆಳಕು ಏರಿದಂತೆ ಇಳಿಯುತ್ತಲೇ ಹೋಗುತ್ತದೆ. ಆಲ್ಫಾ ಸುಮಾರು ಮೈನಸ್ 0.49, ಎಂಟನೇ ಭಾಗಗಳಲ್ಲಿ ಮೈನಸ್ 4. ಯುಗೆ ಲಾಭ, ವಿಗೆ ಏನೂ ಇಲ್ಲ. ನಿಮ್ಮ ಕೋಡ್ ಯು-ವಿ ಎರಡಕ್ಕೂ ಒಂದೇ ಆಲ್ಫಾ ಹಾಕುತ್ತಿದ್ದರೆ ಈ ಬ್ಲಾಕ್ ಹಾಳು.

ಎರಡು ಬಣ್ಣ ಇರುವ ಬ್ಲಾಕ್, ಲೂಮಾದಲ್ಲೂ ಅವೆರಡೂ ಬೇರೆಯಾಗಿದ್ದರೆ, ಸಾಮಾನ್ಯವಾಗಿ ಸಲೀಸು. ಮೂರನೇ ಬಣ್ಣ ಬಂದ ಮೇಲೆ ಅದೃಷ್ಟ. ಬ್ಲಾಕ್ ದೊಡ್ಡದಾದಷ್ಟೂ ಮೂರನೆಯದು ಬರುವ ಸಾಧ್ಯತೆ ಜಾಸ್ತಿ.

## ಹಂತ 10: ಡಿಕೋಡರ್ ಬೇರೆ ಫೈಲಿನಲ್ಲಿ ಬರೆಯಿರಿ

ಇದನ್ನು ಬಿಡುವವರೇ ಬಹಳ. "ಎನ್‌ಕೋಡರ್ ಒಳಗೇ ಮರುಕಟ್ಟಿದ ಚಿತ್ರ ಇದೆಯಲ್ಲ, ಸಾಕು" ಅನ್ನುತ್ತಾರೆ. ಸಾಲದು. ಡಿಕೋಡರ್ ಬೇರೆ ಪ್ರೋಗ್ರಾಂ ಆಗಿರಬೇಕು, ಮೂಲ ಚಿತ್ರದ ಫೈಲ್ ಅದಕ್ಕೆ ತೆರೆಯಲೂ ಸಿಗಬಾರದು. ಅದಕ್ಕೆ ಕೊಡುವುದು ಲೂಮಾ ಕೋಎಫಿಶಿಯೆಂಟ್‌ಗಳು, ಆಲ್ಫಾಗಳು, ಕ್ರೋಮಾ ಉಳಿಕೆ, ಅಷ್ಟೇ.

ಎರಡರ ಔಟ್‌ಪುಟ್ ಬೈಟ್‌ಗೆ ಬೈಟ್ ಹೋಲಿಸಿ. ವ್ಯತ್ಯಾಸ ಬಂದರೆ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನೋಡುತ್ತಾ ಮೊದಲ ತಪ್ಪು ಬ್ಲಾಕ್ ಹುಡುಕಿ. ಅದೊಂದನ್ನೇ ನೋಡಿ. ಉಳಿದ ತಪ್ಪುಗಳಲ್ಲಿ ಬಹಳಷ್ಟು ಅದರಿಂದ ಹರಡಿದವೇ ಆಗಿರುತ್ತವೆ, ಅವುಗಳ ಹಿಂದೆ ಬಿದ್ದರೆ ದಿನ ಹೋಗುತ್ತದೆ.

## ಹಂತ 11: ಅಂಚುಗಳು ಮತ್ತು ಬ್ಲಾಕ್ ಅಳತೆ

512ಕ್ಕೆ 512 ಚಿತ್ರದಲ್ಲಿ ಎಲ್ಲಾ ಹೊಂದಿದ ಮೇಲೆ 1920ಕ್ಕೆ 1080ಗೆ ಹೋಗಿ. 8ರ ಬ್ಲಾಕ್ ಇದ್ದಾಗ ತೊಂದರೆ ಇಲ್ಲ. 16ರ ಬ್ಲಾಕ್ ಹಾಕಿದ ಕೂಡಲೇ 1080ರಲ್ಲಿ 67 ಬ್ಲಾಕ್ ಕೂತು ಅರ್ಧ ಬ್ಲಾಕ್ ಹೊರಗೆ ನೇತಾಡುತ್ತದೆ. ಫ್ರೇಮಿನ ಹೊರಗಿನ ಲೂಮಾಕ್ಕೆ ಸೊನ್ನೆ ತುಂಬಬೇಡಿ. ಸರಾಸರಿ ಕೆಡುತ್ತದೆ, ಕೆಳ ಅಂಚಿನುದ್ದಕ್ಕೂ ಬಣ್ಣದ ಪಟ್ಟಿ ಬೀಳುತ್ತದೆ. ಇಳಿಸಿದ ಲೂಮಾದ ಕೊನೆಯ ಸಾಲನ್ನೇ, ಬಲ ಅಂಚಾದರೆ ಕೊನೆಯ ಕಾಲಂ ಅನ್ನೇ, ಮತ್ತೆ ಮತ್ತೆ ನಕಲು ಮಾಡಿ ತುಂಬಿ. ಸರಾಸರಿ ತೆಗೆಯುವುದು ತುಂಬಿದ ಮೇಲೆ.

ಲೂಮಾ ಬ್ಲಾಕಿನ ಅಗಲ, ಎತ್ತರ ಎರಡೂ 32 ದಾಟಬಾರದು. ಎವಿ1ರಲ್ಲಿ ಅದಕ್ಕಿಂತ ದೊಡ್ಡ ಬ್ಲಾಕಿಗೆ ಸಿಎಫ್‌ಎಲ್ ಇಲ್ಲ.

4ಕ್ಕೆ 4 ಲೂಮಾ ಬ್ಲಾಕ್ ಸೇರಿಸುವ ಆಸೆ ಇದ್ದರೆ ಕೊನೆಗೆ ಇಟ್ಟುಕೊಳ್ಳಿ. 4:2:0ರಲ್ಲಿ ಅದರ ಪಾಲಿಗೆ 2ಕ್ಕೆ 2 ಕ್ರೋಮಾ ಬರಬೇಕು, ಆದರೆ ಅಷ್ಟು ಚಿಕ್ಕ ಕ್ರೋಮಾ ಬ್ಲಾಕ್ ಎವಿ1ರಲ್ಲಿ ಇಲ್ಲ. ಅಂಥ ನಾಲ್ಕು ಲೂಮಾ ಬ್ಲಾಕ್ ಸೇರಿ ಒಂದು 4ಕ್ಕೆ 4 ಕ್ರೋಮಾ ಹಂಚಿಕೊಳ್ಳುತ್ತವೆ. ನಾಲ್ಕನೆಯದು ಮುಗಿಯುವವರೆಗೆ ಮೊದಲ ಮೂರರ ಲೂಮಾ ಕೂಡಿಟ್ಟುಕೊಂಡು ಕಾಯಬೇಕು.

## ಚಿತ್ರ ನೋಡಿಯೇ ತಪ್ಪು ಹಿಡಿಯಿರಿ

ಮೆಣಸಿನಕಾಯಿ ನೀಲಿ. ಯು, ವಿ ಅದಲುಬದಲು. ಹಂತ 2.

ಗೋಣಿಗೆ ಕೆಂಪು, ಕಾಯಿ ಪೇಲವ. ಆಲ್ಫಾ ಚಿಹ್ನೆ ಉಲ್ಟಾ. ಮೇಲಿನ ಉದಾಹರಣೆಯಲ್ಲಿ ಪ್ಲಸ್ 4 ಹಾಕಿದರೆ ಎಡಕ್ಕೆ 172, ಬಲಕ್ಕೆ 132 ಬರುತ್ತದೆ, ಪೂರ್ತಿ ತಿರುಗುಮುರುಗು. ಸಾಮಾನ್ಯವಾಗಿ ಎಲ್ಲೋ ಸರಾಸರಿಯಿಂದ ಲೂಮಾ ಕಳೆದಿರುತ್ತೀರಿ, ಲೂಮಾದಿಂದ ಸರಾಸರಿ ಕಳೆಯುವ ಬದಲು.

ನೇರಳೆ, ಗಿಳಿಹಸಿರು ಚುಕ್ಕೆಗಳು. 64ರ ಬದಲು 8ರಿಂದ ಭಾಗ, ಇಲ್ಲವೇ 8 ಬಿಟ್ ಸುತ್ತು.

ಬಣ್ಣ ಮೊದಲು ಸರಿ, ಬಲಕ್ಕೆ ಕೆಳಕ್ಕೆ ಹೋದಂತೆ ಮೆಲ್ಲಗೆ ಜಾರುತ್ತದೆ. ರೌಂಡಿಂಗ್, ಅಥವಾ ನೆರೆಯ ಪಿಕ್ಸೆಲ್ ಮೂಲದಿಂದ ಬಂದಿದೆ. ಎನ್‌ಕೋಡರ್ ಔಟ್‌ಪುಟ್‌ನಲ್ಲಿ ಇದು ಕಾಣುವುದೇ ಇಲ್ಲ, ಡಿಕೋಡರ್‌ನಲ್ಲಿ ಮಾತ್ರ.

ಬೂದು ಕಲ್ಲಿನ ಮೇಲೆ ಬಣ್ಣದ ಮಚ್ಚೆ. ಭಾಜಕ ಚಿಕ್ಕದಿದ್ದಾಗಿನ ಆಲ್ಫಾ ನಂಬಿದ್ದೀರಿ. ಇಲ್ಲವೇ ಹಂತ 9 ಇಲ್ಲವೇ ಇಲ್ಲ.

ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿದೆ. ಹಂತ 3ಕ್ಕೆ ವಾಪಸ್ ಹೋಗಿ.

## ಹಂತ 12: ನಿಜವಾದ ಎನ್‌ಕೋಡರ್ ಜೊತೆ ಹೋಲಿಕೆ

ಲಿಬ್‌ಎಒಎಂನಲ್ಲಿ ಸಿಎಫ್‌ಎಲ್ ಅನ್ನು ಆನ್-ಆಫ್ ಮಾಡುವ ಸ್ವಿಚ್ ಇದೆ, ಏನೂ ಹೇಳದಿದ್ದರೆ ಆನ್. ಒಂದೇ ಚಿತ್ರವನ್ನು ಎರಡೂ ಥರ ಎನ್‌ಕೋಡ್ ಮಾಡಿ. ಎಲ್ಲಾ ಫ್ರೇಮ್ ಕೀಫ್ರೇಮ್ ಆಗಿರಲಿ, ಇಲ್ಲದಿದ್ದರೆ ಹೆಚ್ಚಿನ ಬ್ಲಾಕ್‌ಗಳು ಹಿಂದಿನ ಫ್ರೇಮಿನಿಂದ ಊಹೆ ತೆಗೆದುಕೊಂಡು ಸಿಎಫ್‌ಎಲ್ ಹತ್ತಿರವೂ ಬರುವುದಿಲ್ಲ. ಸ್ಪೀಡ್ ಸೆಟ್ಟಿಂಗ್ ಎರಡಕ್ಕೂ ಒಂದೇ. ಬಿಟ್‌ರೇಟ್ ಬದಲು ಗುಣಮಟ್ಟ ಸ್ಥಿರ ಇಟ್ಟು, ನಾಲ್ಕು ಬೇರೆಬೇರೆ ಮಟ್ಟದಲ್ಲಿ ಓಡಿಸಿ.

ಅಳೆಯುವಾಗ ಯು, ವಿ ಪಿಎಸ್‌ಎನ್‌ಆರ್ ಬೇರೆಬೇರೆ ಬರೆದುಕೊಳ್ಳಿ. ಬರೀ ವೈ ಪಿಎಸ್‌ಎನ್‌ಆರ್ ತೋರಿಸಿ "ಸಿಎಫ್‌ಎಲ್‌ನಿಂದ ಲಾಭ ಇಲ್ಲ" ಅಂತ ಬರೆದ ರಿಪೋರ್ಟ್‌ಗಳು ರಿವ್ಯೂವರೆಗೂ ಹೋಗಿವೆ. ಲಾಭ ಆಗುವುದೇ ಬಣ್ಣದಲ್ಲಿ, ವೈಯಲ್ಲಿ ಹುಡುಕಿದರೆ ಹೇಗೆ? ಬಣ್ಣದ ವ್ಯತ್ಯಾಸ ಕಣ್ಣಿಗೆ ಕಂಡಂತೆ ಅಳೆಯುವ ಸಿಐಇಡಿಇ2000 ಕೂಡ ಹಾಕಿ.

ನಿಮ್ಮ ಕೋಡ್ ತೆಗೆದ ಆಲ್ಫಾ ಮತ್ತು ಲಿಬ್‌ಎಒಎಂ ತೆಗೆದದ್ದು ಬ್ಲಾಕಿಗೆ ಬ್ಲಾಕ್ ಹೊಂದುವುದಿಲ್ಲ. ಹೊಂದಬೇಕಾಗಿಯೂ ಇಲ್ಲ. ಅದರ ಬ್ಲಾಕ್ ವಿಭಜನೆ ಬೇರೆ, ಲೂಮಾ ಊಹೆ ಬೇರೆ, ಆಲ್ಫಾ ಆರಿಸುವಾಗ ಬಿಟ್ ಖರ್ಚನ್ನೂ ಅದು ತೂಗುತ್ತದೆ. ಹೋಲಿಸಬೇಕಾದ್ದು ದಿಕ್ಕು: ಮೆಣಸಿನಕಾಯಿ ಚಿತ್ರದಲ್ಲಿ ಲಾಭ ಎದ್ದು ಕಾಣಬೇಕು, ಕಸೂತಿಯಲ್ಲಿ ಅದಕ್ಕಿಂತ ಕಡಿಮೆ, ಲಕ್ಕುಂಡಿಯ ಕಲ್ಲಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಈ ಕ್ರಮ ತಲೆಕೆಳಗಾಗಿದ್ದರೆ ಲಿಬ್‌ಎಒಎಂ ಬಿಡಿ, ಮೊದಲು ನಿಮ್ಮ ಹಂತ 9ರ ಲ್ಯಾಂಬ್ಡಾ ನೋಡಿ.